ಇದು ಜೆರಾಕ್ಸ್ ಅಲ್ರೀ

"ಎಷ್ಟು ಕಾಪಿ ತಗದೀರಿ ಇದನ್ನ?" ಅಂತ ನನ್ನ ಅಚ್ಚಿನ ಚಿತ್ರ ನೋಡಿದವರು ಕೇಳ್ತಾರ. 25 ಅಂತೀನಿ. "ಹಂಗಾರ ಜೆರಾಕ್ಸ್ ಇದ್ದಂಗ ಆತಲ್ರೀ, ಅದಕ್ಯಾಕ 2,500 ರೂಪಾಯಿ?" ಈ ಪ್ರಶ್ನಿ ನಾನು 14 ವರ್ಷದಿಂದ ಕೇಳಾಕತ್ತೀನಿ. ಮೊದಲೆಲ್ಲಾ ಸಿಟ್ಟು ಬರ್ತಿತ್ತು, ಆಮ್ಯಾಲ ಭಾಷಣ ಮಾಡಾಕ ಶುರು ಮಾಡಿದೆ, ಈಗ ಒಂದು ಚಮಚಾ ಕೈಯಾಗ ಕೊಟ್ಟು "ನೀವ ಒಂದು ಪ್ರಿಂಟ್ ಹೊಡೀರಿ" ಅಂತೀನಿ. ಅದರ ಕಥಿ ಆಮ್ಯಾಲ ಹೇಳ್ತೀನಿ.

ನಾನು ಲಿನೋಕಟ್ ಮಾಡಾಕಿ, ಅಂದ್ರ ಲಿನೋ ಅನ್ನೋ ಹಾಸಿನ ತುಂಡಿನಾಗ ಚಿತ್ರ ಕೆತ್ತಿ, ಇಂಕ್ ಹಚ್ಚಿ, ಕಾಗದದ ಮ್ಯಾಲ ಅಚ್ಚು ತಗಿಯಾಕಿ, ಆ ಕೆತ್ತಿದ ತುಂಡಿಗೆ ಬ್ಲಾಕ್ ಅಂತೀವಿ. ಊರು ಗದಗ. ಬೆಟಗೇರಿ ಕಡೆ ಒಂದು ಓಣ್ಯಾಗ ಮನಿ ಮ್ಯಾಲಿನ ತಗಡಿನ ಶೆಡ್ಡ ನನ್ನ ಸ್ಟುಡಿಯೋ, ಬ್ಯಾಸಗ್ಯಾಗ ಅಲ್ಲಿ ಕೂತ್ರ ನಾವೂ ಬೇಯ್ತೀವಿ, ಲಿನೋನೂ ಬೇಯ್ತೈತಿ. ಖರೆ ಹೇಳ್ಬೇಕಂದ್ರ ಲಿನೋ ಬೇಯೋದು ಚೊಲೊನ, ಬಿಸಿ ಆದ್ರ ಮೆತ್ತಗ ಆಗಿ ಬೆಣ್ಣಿ ಕೊಯ್ದಂಗ ಕೊಯ್ಯಾಕ ಬರ್ತೈತಿ, ಚಳಿಗಾಲದಾಗ ಬೇರೆ ಊರಿನ ಕಲಾವಿದರು ಇಸ್ತ್ರಿ ಪೆಟ್ಟಿಗಿ ಇಟ್ಟು ಕಾಸ್ತಾರಂತ, ನಮಗ ಗದಗಿನ ಬಿಸಿಲ ಸಾಕು.

ಲಿನೋ ಅಂದ್ರ ಏನು ಅಂತ ಕೇಳಿದ್ರ ನಾನು ಅಗಸಿ ಚಟ್ನಿಯಿಂದ ಶುರು ಮಾಡ್ತೀನಿ, ಹುಡುಗೂರು ನಗ್ತಾರ. ಆದ್ರ ಮಾತು ಖರೆ ಐತಿ. 1860ರ ದಶಕದಾಗ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅನ್ನಾಂವ ಗಟ್ಟಿಯಾದ ಅಗಸಿ ಎಣ್ಣಿಗೆ ಬೆಂಡಿನ ಪುಡಿ ಸೇರಿಸಿ ಗೋಣಿತಟ್ಟಿನ ಮ್ಯಾಲ ಹಾಸಿ ಮಾಡಿದ ನೆಲದ ಹಾಸು ಇದು, ಹೆಸರಿನಾಗನ ಅಗಸಿ ಐತಿ, ಲಿನಮ್ ಅಂದ್ರ ಲ್ಯಾಟಿನ್‌ದಾಗ ಅಗಸಿ, ಓಲಿಯಮ್ ಅಂದ್ರ ಎಣ್ಣಿ. ನಾವು ಹಚ್ಚೋ ಇಂಕಿನಾಗೂ ಅದ ಅಗಸಿ ಎಣ್ಣಿ. ನಮ್ಮವ್ವ ರೊಟ್ಟಿ ಜೋಡಿ ಅಗಸಿ ಚಟ್ನಿ ಕುಟ್ಟಿ ಕೊಡ್ತಾಳ, ಮ್ಯಾಲ ಶೆಡ್ಡಿನಾಗ ನಾನು ಅಗಸಿ ಕೆತ್ತಿ ಅಗಸಿ ಹಚ್ತೀನಿ, ನಮ್ಮ ಎರಿಹೊಲದಾಗ ಬೆಳಿಯೋ ಕಾಳು ಎಲ್ಲಿಂದ ಎಲ್ಲಿಗೆ ಹೋಗಿ ಬಂತು ನೋಡ್ರಿ.

ಕಾಲೇಜಿನಾಗ ಪೇಂಟಿಂಗ್ ಕಲ್ತಾಕಿ ನಾನು, ಪ್ರಿಂಟ್ ಮಾಡೋದು ಅಲ್ಲಿ ಒಂದು ಸಣ್ಣ ವಿಷಯ ಅಷ್ಟ. ಕ್ಯಾನ್ವಾಸು, ಬಣ್ಣ ಕೊಳ್ಳಾಕ ರೊಕ್ಕ ಇಲ್ಲದಾಗ ಲಿನೋ ಹಿಡದೆ, ಇದನ್ನ ಕಲೆಯ ಕರೆ ಗಿರೆ ಅಂತೆಲ್ಲಾ ಹೇಳಂಗಿಲ್ಲ. ಮೊದಲ ಬ್ಲಾಕ್ ಕೆತ್ತಿದ್ದು ಊರ ಹೆಸರು. ಅಚ್ಚು ಅಂದ್ರ ಅಕ್ಷರ ಉಲ್ಟಾ ಕೆತ್ತಬೇಕು ಅನ್ನೋದು ಗೊತ್ತಿತ್ತು, ಆದ್ರ ನಂದು ಒಂದು ಶ್ಯಾಣೇತನ, ಗದಗ ಅಂತ ಹಿಂದಮುಂದ ಹೆಂಗ ಓದಿದ್ರೂ ಗದಗನ ಅಲ್ಲಾ, ಉಲ್ಟಾ ಮಾಡೋದ್ಯಾಕ ಅಂತ ಹಂಗ ಸೀದಾ ಕೆತ್ತಿ ಹೊಡದೆ. ಕಾಗದ ಎತ್ತಿ ನೋಡಿದ್ರ ಮೂರೂ ಅಕ್ಷರದ ತಲಕಟ್ಟು ಎಡಕ್ಕ ಹೊರಳಿ ಕುಂತಾವ, ದಕಾರಂತೂ ಯಾವ ಭಾಷಾದ್ದು ಅಂತ ಗುರುತ ಹತ್ತವಲ್ದು. ಅಕ್ಷರದ ಸಾಲು ಹಿಂದಮುಂದ ಒಂದ ಇದ್ರೂ ಒಂದೊಂದು ಅಕ್ಷರಕ್ಕೂ ಅದರದ ಎಡಾ ಬಲಾ ಇರ್ತೈತಿ ಅನ್ನೋದು ಆವತ್ತು ತಿಳೀತು. ಆ ಬ್ಲಾಕ್ ಇನ್ನೂ ಇಟ್ಟೀನಿ, ಕ್ಲಾಸಿನಾಗ ಹೊಸ ಹುಡುಗೂರಿಗೆ ಮೊದಲ ತೋರ್ಸೋದು ಅದನ್ನ.

ಕೆಲಸ ಹೆಂಗ ನಡೀತೈತಿ ಅಂದ್ರ, ಟ್ರೇಸಿಂಗ್ ಪೇಪರ್ ಮ್ಯಾಲ ಚಿತ್ರ ಬರದು ಅದನ್ನ ಬೋರಲ ಹಾಕಿ ಲಿನೋ ಮ್ಯಾಲ ಉಜ್ಜಿ ಇಳಸ್ತೀನಿ, ಆಮ್ಯಾಲ ಬಿಳೇದು ಉಳೀಬೇಕಾದ ಜಾಗಾ ಎಲ್ಲಾ ಕೆತ್ತಿ ತಗೀತೀನಿ, ಸಣ್ಣ ಗೆರಿಗೆ ವಿ ಆಕಾರದ ಉಳಿ, ಅಗಲ ಜಾಗಾಕ್ಕ ಯು ಆಕಾರದ್ದು. ಎಡಗೈ ಯಾವಾಗ್ಲೂ ಉಳಿ ಹಿಂದ ಇರಬೇಕು, ಮುಂದ ಅಲ್ಲ. ನನ್ನ ಎಡಗೈ ತೋರಬೆರಳಿಗೆ ನಾಕು ಹೊಲಿಗಿ ಬಿದ್ದಾವ, ಅದು ಫೋನಿನಾಗ ಮಾತಾಡ್ಕೊಂತ ಕೆತ್ತಿದ್ದಕ್ಕ. ಕೆತ್ತಿದ ಮ್ಯಾಲ ಗಾಜಿನ ಮ್ಯಾಲ ಇಂಕ್ ಹಾಸಿ ರೋಲರ್ ಆಡಸ್ತೀನಿ, ಇಂಕ್ ಸರಿ ಬಂತು ಅನ್ನೋದು ಕಣ್ಣಿಗಿಂತ ಮೊದಲ ಕಿವಿಗೆ ಗೊತ್ತಾಗ್ತೈತಿ, ದಪ್ಪ ಆಗಿದ್ರ ಪಚಪಚ ಅಂತೈತಿ, ಸರಿ ಇದ್ರ ಮಿರ್ಚಿ ಕರದಂಗ ಸಣ್ಣಗ ಚರ್‌ರ್ ಅಂತೈತಿ. ಪ್ರೆಸ್ ಮಷೀನು ನನ್ನ ಹಂತ್ಯಾಕ ಇಲ್ಲ. ಬ್ಲಾಕ್ ಮ್ಯಾಲ ಕಾಗದ ಇಟ್ಟು ಸ್ಟೀಲ್ ಚಮಚಾದ ಬೆನ್ನಿಲೆ ಉಜ್ಜೋದು, ಒಂದು ದೊಡ್ಡ ಪ್ರಿಂಟಿಗೆ 20 ನಿಮಿಷ ಹಿಡೀತೈತಿ, 25 ಪ್ರಿಂಟ್ ಆಗೋದ್ರಾಗ ಭುಜಾ ಹಿಡ್ಕೊಂಡಿರ್ತೈತಿ. ಇದಕ್ಕ ಜೆರಾಕ್ಸ್ ಅಂತಾರ ನಮ್ಮ ಮಂದಿ! ಇಂಕ್ ಒಣಗಾಕ ಎರಡ್ಮೂರು ದಿನ, ಮಳೀ ಇದ್ರ ವಾರನೂ ಆಕ್ಕೈತಿ, ಆಷಾಢದ ಗಾಳಿಯಂತೂ ನಮ್ಮ ಊರಾಗ ಕೇಳ್ಲೇಬ್ಯಾಡ್ರಿ, ಕಪ್ಪತಗುಡ್ಡದ ಮ್ಯಾಲಿನ ಕರೆಂಟ್ ತಗಿಯೋ ದೊಡ್ಡ ಫ್ಯಾನ್ ತಿರುಗ್ಸೋ ಗಾಳಿ ನನ್ನ ಹಸೀ ಪ್ರಿಂಟಿಗೆ ಮಣ್ಣು ತಂದು ಅಂಟಸ್ತೈತಿ, ಆ ತಿಂಗಳು ಬರೇ ಕೆತ್ತೋದು, ಹೊಡಿಯಂಗಿಲ್ಲ.

ಹೊಟ್ಟಿ ತುಂಬೋದು ಕ್ಲಾಸಿನಿಂದ. ಇದನ್ನ ಹೇಳಾಕ ಕಲಾವಿದರು ಯಾಕ ನಾಚ್ತಾರೋ. ಗದಗದಾಗ ಚಿತ್ರ ಕಲಸೋದು ಹೊಸಾದಲ್ಲ, ಟಿ.ಪಿ. ಅಕ್ಕಿ ಮಾಸ್ತರರ ವಿಜಯ ಕಲಾಮಂದಿರದಾಗ ಕಲ್ತವರು ಈ ಕಡೆ ಎಷ್ಟೋ ಸಾಲ್ಯಾಗ ಡ್ರಾಯಿಂಗ್ ಮಾಸ್ತರ ಆಗ್ಯಾರ, ಧಾರವಾಡದಾಗ ಹಾಲಭಾವಿ ಮಾಸ್ತರು, ಹುಬ್ಬಳ್ಳಿಯೊಳಗ ಮಿಣಜಗಿ ಮಾಸ್ತರು ಹಂಗ, ಎಲ್ಲಾರೂ ಕಲ್ಸಿನ ಬದುಕಿದವರು. ನನ್ನ ಕ್ಲಾಸಿಗೆ ಬರೋರು ಲೋಯರ್ ಗ್ರೇಡ್ ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷಾಕ್ಕಂತ ಬರ್ತಾರ, ಮನೀಯವರಿಗೆ ಸರ್ಟಿಫಿಕೇಟ್ ಬೇಕು, ನಂಗ ಫೀ ಬೇಕು, ತಿಂಗಳಿಗೆ 500. ಐದು ವಾರ ಸ್ಟಿಲ್ ಲೈಫ್ ಡಿಜೈನ್ ಅಂತ ಅವರಿಗೆ ಬೇಕಾದ್ದು ಕೊಡ್ತೀನಿ, ಆರನೇ ವಾರ ಸುಮ್ನ ಉಳಿ ಕೈಯಾಗ ಕೊಡ್ತೀನಿ.

ಅದ್ರಾಗ ಒಬ್ಬಾಂವ ಇದ್ದ, ಬೆಟಗೇರಿ ಮಗ್ಗದ ಮನೀ ಹುಡುಗ, ಪೆನ್ಸಿಲ್ ಹಿಡಿಯಾಕೂ ಸರಿ ಬರ್ತಿದ್ದಿಲ್ಲ, ಹೂಜಿ ಬರಿ ಅಂದ್ರ ಸೋರೆಕಾಯಿ ಬರ್ತಿತ್ತು. ಲಿನೋದಾಗ ಎಲ್ಲಾ ಹುಡುಗೂರೂ ಎಡವೋದು ಒಂದ ಕಡೆ, ಕರೇದು ಉಳಸೋದು ಯಾವ್ದು ಬಿಳೇದು ತಗಿಯೋದು ಯಾವ್ದು ಅನ್ನೋದು ತಲ್ಯಾಗ ಕುಂದ್ರಂಗಿಲ್ಲ. ಇಂವ ಒಂದ ಸಲ ನೋಡಿದ, "ಟೀಚರ್, ಇದು ನಮ್ಮ ಜಕಾರ್ಡ್ ಅಟ್ಟಿ ಇದ್ದಂಗ ಅಲ್ರೀ, ತೂತು ಇದ್ದಲ್ಲಿ ಎಳಿ ಏಳ್ತೈತಿ, ಇಲ್ಲದಲ್ಲಿ ಇಲ್ಲ" ಅಂದ. ಜಕಾರ್ಡ್ ಅಟ್ಟಿ ಅಂದ್ರ ಮಗ್ಗದ ಮ್ಯಾಲ ಹಾಕೋ, ಡಿಜೈನ್ ಪ್ರಕಾರ ತೂತು ಹೊಡದ ರಟ್ಟು. ನಾನು ಐದು ವರ್ಷ ಚಿತ್ರಕಲಾ ಡಿಗ್ರಿ ಬಿಎಫ್‌ಎದಾಗ ಕಲ್ತಿದ್ದನ್ನ ಅಂವ ಮನ್ಯಾಗ ಅಪ್ಪನ ಮಗ್ಗದ ಬುಡಕ ಕೂತು ಕಲ್ತಿದ್ದ. ಅವತ್ತು ಅಂವ ಕೆತ್ತಿದ್ದು ಸೀರಿ ಅಂಚಿನ ಗೋಪುರ, ಒಂದು ಗೆರಿ ತಪ್ಪಿದ್ದಿಲ್ಲ. ಆವಾಗಿಂದ ನಾನೂ ಕಲಸೋ ರೀತಿ ಬದಲ ಮಾಡೀನಿ, ಮೊದಲ ಅವರವರ ಮನೀ ಕೆಲಸ ಏನು ಅಂತ ಕೇಳ್ತೀನಿ, ಅಲ್ಲಿಂದ ಶುರು. ಐತವಾರ ಒಮ್ಮೊಮ್ಮೆ ಲಕ್ಕುಂಡಿಯ ಹಳೇ ಗುಡಿಗೆ ಕರ್ಕೊಂಡು ಹೋಗ್ತೀನಿ, ಬಸ್ಸಿನಾಗ ಅರ್ಧ ತಾಸು, ಆ ಕಂಬದ ಮ್ಯಾಲಿನ ಬಳೀ ಬಳೀ ಗೆರಿಗೆ ಮುಂಜಾನಿ ಬಿಸಿಲು ಬಿದ್ದಾಗ ಕರೇದು ಬಿಳೇದು ತಾವ ಬ್ಯಾರೆ ಆಗಿ ನಿಂತಿರ್ತಾವ, ನಾನೇನು ಹೇಳೋದು ಬೇಕಾಗಿಲ್ಲ.

ಪ್ರದರ್ಶನದ್ದು ಜಾಸ್ತಿ ಹೇಳಂಗಿಲ್ಲ. ಧಾರವಾಡದ ಸರಕಾರಿ ಆರ್ಟ್ ಗ್ಯಾಲರಿಯೊಳಗ ಎರಡು ಸಲ ಹಾಕೀನಿ, ನೋಡಾಕ ಮಂದಿ ಬರ್ತಾರ, ಚಾ ಕುಡೀತಾರ, ಚೊಲೊ ಮಾತಾಡ್ತಾರ, ಕೊಳ್ಳೋರು ಕಡಿಮಿ. ಜನವರ್ಯಾಗ ಬೆಂಗಳೂರಿನ ಚಿತ್ರಸಂತೆಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಾಗ ಪೋರ್ಟ್‌ಫೋಲಿಯೋ ಬ್ಯಾಗ್ ತಲಿಬುಡಕ ಇಟ್ಕೊಂಡು ಹೋಗ್ತೀನಿ, ಕುಮಾರಕೃಪಾ ರಸ್ತೆದಾಗ ಒಂದ ದಿನದ ಸಂತಿ, ಆ ಒಂದು ದಿನದಾಗ ವರ್ಷದ ಇಂಕು ಕಾಗದದ ಖರ್ಚು ಹೊಂಟ್ರ ನಾನು ಗೆದ್ದಂಗ. ಒಂದು ಗ್ಯಾಲರಿಯವರು, ಹೆಸರು ಬ್ಯಾಡ, 12 ಪ್ರಿಂಟ್ ಒಯ್ದು 9 ವಾಪಸ್ ಕಳ್ಸಿದ್ರು, ಅದ್ರಾಗ ನಾಕಕ್ಕ ನೀರು ಬಿದ್ದಿತ್ತು, ಉಳಿದ ಮೂರರ ರೊಕ್ಕ ಇವತ್ತಿಗೂ ಇಲ್ಲ. ಆವಾಗಿಂದ ಎರಡು ಸಾಲಿನ ಪತ್ರಕ್ಕ ಸಹಿ ತಗೊಳ್ಳದ ಒಂದು ಕಾಗದನೂ ಕೊಡಂಗಿಲ್ಲ. ಸ್ನೇಹ ಬ್ಯಾರೆ, ಪಾವತಿ ಬ್ಯಾರೆ.

ಜೆರಾಕ್ಸ್ ಪ್ರಶ್ನಿ ಬಂದಾಗ ನಾನು ಕೊಡ್ತಿದ್ದ ಉತ್ತರ ಹಿಂಗಿತ್ತು. ನಿಮ್ಮ ಜಗಲಿ ಮ್ಯಾಲಿನ ಲಕ್ಷ್ಮಿ ಸರಸ್ವತಿ ಫೋಟೋ ನೋಡ್ರಿ, ರಾಜಾ ರವಿವರ್ಮಾ 1894ರಾಗ ಮುಂಬೈದಾಗ ಪ್ರೆಸ್ ಹಾಕಿ ದೇವರನ್ನ ಕಲ್ಲಚ್ಚಿನಾಗ ಹೊಡದ, ಅದಕ್ಕ ಅಲ್ಲಾ ಬಡವರ ಮನ್ಯಾಗೂ ದೇವರ ಚಿತ್ರ ಬಂದಿದ್ದು, ಅದಕ್ಕ ಯಾರರ ಕಾಪಿ ಅಂದು ಊದಿನಕಡ್ಡಿ ಹಚ್ಚೋದು ಬಿಟ್ಟಾರೇನು? ಚಿತ್ತಪ್ರಸಾದ್ ಅಂತ ಬಂಗಾಳದ ಕಲಾವಿದ, 1943ರ ಬರಗಾಲದ ಹಸಿವಿನ ಚಿತ್ರ ಬರದಾಂವ, ಲಿನೋಕಟ್ ಹಿಡದಿದ್ದೂ ಸಾದಾ ಮಂದಿಗೆ ಮುಟ್ಟಬೇಕಂತ. ಇಷ್ಟೆಲ್ಲಾ ಹೇಳಿ ಕಡೀಕ ನಾನ "ಆದ್ರ ಇದು ಲಿಮಿಟೆಡ್ ರೀ, 25 ಆದ ಮ್ಯಾಲ ಬ್ಲಾಕಿಗೆ ಅಡ್ಡಗೀರು ಹಾಕಿ ಕೆಡಸ್ತೀನಿ" ಅಂತಿದ್ದೆ. ಒಂದ ಬಾಯಾಗ ಎರಡು ಮಾತು. ಆವಾಗ ನಂಗ ಅದು ಹೊಳೀಲಿಲ್ಲ, ಹೊಳದಿದ್ದು ಪ್ರೆಸ್ಸಿನ ಕಾಕಾನಿಂದ.

ಗದಗಿಗೆ ಮುದ್ರಣ ಕಾಶಿ ಅಂತಾರ. ಆಫ್‌ಸೆಟ್ ಮುದ್ರಣ ಬಂದ ಮ್ಯಾಲ ಮೊಳಿ, ಅಂದ್ರ ಒಂದೊಂದ ಜೋಡಸೋ ಲೋಹದ ಅಕ್ಷರ, ಎಲ್ಲಾ ಸೀಸದ ತೂಕಕ್ಕ ಗುಜರಿಗೆ ಹ್ವಾದ್ವು, ಆದ್ರ ಒಂದು ಪ್ರೆಸ್ಸಿನ ಹಿಂದಿನ ಖೋಲಿಯೊಳಗ ಕಾಲಿಲೆ ತುಳಿಯೋ ಒಂದು ಟ್ರೆಡಲ್ ಮಷೀನೂ ನಾಕು ಕೇಸ್ (ಖಾನೆ ಪೆಟ್ಟಿಗಿ) ಮೊಳೀನೂ ಉಳದಿದ್ವು, ಅವುನ್ನ 40 ವರ್ಷ ಜೋಡಸಿದ ಕಾಕಾನೂ ಉಳದಿದ್ದ. ನಾನೂ ನನ್ನ ಗೆಳತಿ ಒಬ್ಬಾಕಿ, ಆಕಿ ಸಾಲಿ ಟೀಚರು, ನಮ್ಮ ಕಡೆ ಮುದುಕೇರು ಹೇಳೋ ಒಗಟು ಕೂಡಿಸಿದಾಕಿ, ಇಬ್ರೂ ಹೋಗಿ ಹತ್ತು ಒಗಟು ಮೊಳ್ಯಾಗ, ಹತ್ತು ಉತ್ತರ ಮೊಳ್ಯಾಗ, ನಡುವ ನನ್ನ ಹತ್ತು ಲಿನೋ ಚಿತ್ರ, ಹಿಂಗ 60 ಪ್ರತಿ ಮಾಡೂಣು ಅಂದ್ವಿ. ಕಾಕಾ ನನ್ನ ಬ್ಲಾಕ್ ಕೈಯಾಗ ಹಿಡದು ಬೆರಳಿಲೆ ಸವರಿ "ಇದು ಗಿಡ್ಡ ಐತೆವ್ವಾ" ಅಂದ. ಮೊಳಿ ಎತ್ತರ 23.3 ಮಿಲಿಮೀಟರ್ ಇರ್ತೈತಿ, ನನ್ನ ಹಲಿಗಿ ಲಿನೋ ಕೂಡಿ 22ರ ಮ್ಯಾಲ ಚೂರು. ಕಾಕಾ ಸ್ಕೇಲ್ ಹಿಡೀಲಿಲ್ಲ, ಮೂರು ಹಳೇ ಲಗ್ನಪತ್ರಿಕಿ ತಂದು ಬುಡಕ ಕೊಟ್ಟ, ಮಷೀನ್ ತುಳದ, ಕರೀಬಣ್ಣ ಎಲ್ಲಾ ಕಡೆ ಸಮಾ ಬಂತು. ನಾನು ಆಮ್ಯಾಲ ಮನೀಗೆ ಹೋಗಿ ವರ್ನಿಯರಿಲೆ ಅಳದೆ, ಬೇಕಾಗಿದ್ದು ಅಷ್ಟ ಇತ್ತು.

ಜಗಳ ಬಂದಿದ್ದು ಬೆಳ್ಳುಳ್ಳಿಗೆ. ಒಂದು ಒಗಟಿನ ಉತ್ತರ ಬೆಳ್ಳುಳ್ಳಿ, ಅದಕ್ಕ ಳಕಾರದ ಒತ್ತು ಎರಡು ಬೇಕು, ಕೇಸಿನಾಗ ಆ ಅಳತಿದು ನೆಟ್ಟಗ ಇದ್ದದ್ದು ಒಂದ. ಇನ್ನೊಂದು ಇತ್ತು, ಮೂಗು ಮುರದಿತ್ತು. ಗೆಳತಿ "ಲಸೂಣ ಅಂತ ಹಾಕ್ರಿ" ಅಂದ್ಲು, ಮರುಕ್ಷಣ ಆಕೀನ "ಬ್ಯಾಡ, ಮುದುಕಿ ಹೇಳಿದ್ದು ಬೆಳ್ಳುಳ್ಳಿ" ಅಂದ್ಲು. ನಾನು "ಉತ್ತರ ಲಿನೋದಾಗ ಕೆತ್ತೀನಿ" ಅಂದೆ, ಕಾಕಾಗ ಸಿಟ್ಟು ಬಂತು, ಮೊಳೀ ಪಕ್ಕ ಕೈ ಅಕ್ಷರ ನಿಲ್ಲಂಗಿಲ್ಲ ಅಂತ. ಒಂದು ತಾಸು ಹಂಗ ಕುಂತ್ವಿ, ಗಿರಮಿಟ್ ತರ್ಸಿದ್ವಿ, ತಿನ್ಕೊಂತ ಕಾಕಾನ ಅಂದ, "ಬಾಜೂಕ ನೀ ಬೆಳ್ಳುಳ್ಳಿ ಚಿತ್ರ ತಗದೀಯಲ್ಲಾ, ಮತ್ತ್ಯಾಕ ಬರೀಬೇಕು?" ಹತ್ತೂ ಉತ್ತರ ಕಿತ್ತಿ ಹಾಕಿದ್ವಿ. ಒಗಟು ಮೊಳ್ಯಾಗ, ಉತ್ತರ ಚಿತ್ರದಾಗ. ಆ ಕೆಲಸದಾಗ ಮಂದಿಗೆ ಭಾಳ ಸೇರಿದ್ದು ಅದ, ಎಲ್ಲಾರೂ ನಮ್ಮ ಐಡಿಯಾ ಅಂತ ತಿಳ್ಕೊಂಡಾರ, ಅದು ಒಂದು ಒತ್ತಕ್ಷರ ಕಡಿಮಿ ಬಿದ್ದದ್ದು.

60 ಮುಗೀತು. ಕಾಕಾ ಮೊಳಿ ಬಿಗಿದ ಚೌಕಟ್ಟು (ಚೇಸ್) ಬಿಚ್ಚಿ ಒಂದೊಂದ ಮೊಳಿ ಸೀಮಿಎಣ್ಣಿಲೆ ಒರಸಿ ಅದರದರ ಮನ್ಯಾಗ ಹಾಕಾಕತ್ತಿದ್ದ. ನಾನು ಬಾಜೂಕ ಕುಂತು ರೂಢಿ ಪ್ರಕಾರ ಬ್ಲಾಕಿಗೆ ಗೀರು ಹಾಕಾಕತ್ತಿದ್ದೆ, ಎರಡಕ್ಕ ಹಾಕಿದ್ದೆ, ಮೂರನೇದು ಬೆಳ್ಳುಳ್ಳಿದು, ಇನ್ನೂ ಹಾಕಿದ್ದಿಲ್ಲ. ಕಾಕಾ ಕೈ ನಿಲ್ಸಿ ನೋಡಿದ. "ಏನ್ ಮಾಡಾಕತ್ತಿ?" ಹೇಳಿದೆ, ಲಿಮಿಟೆಡ್ ಎಡಿಶನ್, ಮತ್ತ ಯಾರೂ ಹೊಡೀಬಾರ್ದು ಅಂತ. "ನಮ್ಮ ಮೊಳೀನ ಗುಜರ್ಯಾಂವ ಒಯ್ದ. ನಿಂದು ನೀನ ಕೆಡಸ್ತೀಯೇನು?" ಅಂದು ಮತ್ತ ಒರಸಾಕ ಹತ್ತಿದ.

ಉಳಿದ ಎಂಟು ಬ್ಲಾಕಿಗೆ ಗೀರು ಹಾಕಿಲ್ಲ. ಕೊಂಡವರಿಗೆ ಕೊಟ್ಟ ಮಾತು ಮಾತನ, ಆ ಕಾಗದದ ಮ್ಯಾಲ, ನಂಬರ್ ಹಾಕಿ ಸಹಿ ಮಾಡಿದ್ದು 60ರ ಮ್ಯಾಲ ಇನ್ನೊಂದು ಬರಂಗಿಲ್ಲ. ಆದ್ರ ಸಾದಾ ಕಾಗದದ ಮ್ಯಾಲ ನಂಬರ್ ಇಲ್ಲದ, ಸಹಿ ಇಲ್ಲದ ಬಿಡಿ ಪ್ರಿಂಟ್ 100 ರೂಪಾಯಿಗೆ ಹೊಡದು ಕೊಡ್ತೀನಿ, ಕೊಂಡವರಿಗೂ ಇದನ್ನ ಹೇಳೀನಿ, ಇಬ್ಬರು ಸಿಟ್ಟಾದ್ರು, ಉಳಿದವರು ನಕ್ಕರು. ದೊಡ್ಡ ಪ್ರಿಂಟಿಗೆ ಇನ್ನೂ ಅಡ್ಡಗೀರು ಹಾಕ್ತೀನಿ, ಬೆಂಗಳೂರಾಗ ಅದಿಲ್ಲದ ರೇಟ್ ಹುಟ್ಟಂಗಿಲ್ಲ, ಹಾಕುವಾಗ ಮಾತ್ರ ಈಗ ಕೈ ಒಂದು ಚೂರು ತಡೀತೈತಿ.

ಮೊನ್ನೆ ನಮ್ಮ ಓಣಿ ಕಿರಾಣಿ ಅಂಗಡಿಯಾಂವ ಬಂದಿದ್ದ, ಮಗಳು ನನ್ನ ಕ್ಲಾಸಿಗೆ ಬರ್ತಾಳ. ಬೆಳ್ಳುಳ್ಳಿ ಪ್ರಿಂಟ್ ನೋಡಿ "ಎಷ್ಟು ಕಾಪಿ ತಗದೀರಿ?" ಅಂದ. ಚಮಚಾ ಕೊಟ್ಟೆ. ಅಂಗಿ ತೋಳು ಮಡಚಿ ಉಜ್ಜಿದ, ಹತ್ತು ನಿಮಿಷಕ್ಕ ಬೆವತ, ಕಾಗದ ಎತ್ತಿದ್ರ ಬಲಗಡೆ ಮೂಲ್ಯಾಗ ಒತ್ತು ಕಡಿಮಿ ಬಿದ್ದು ಎರಡು ಎಸಳು ಮಸುಕ ಮಸುಕ ಬಂದಿದ್ವು. ಚೊಲೊದೊಂದು ಇಲ್ಲೈತಿ, ಇದನ್ನ ಒಯ್ರಿ ಅಂದೆ. ಒಲ್ಲೆ ಅಂದ. ಆ ಮಸುಕಾದ್ದನ್ನ ಹಸೀದ ಎರಡೂ ಕೈಯಾಗ ಹಿಡ್ಕೊಂಡು ಪಾವಟಿಗಿ ಇಳದು ಹ್ವಾದ, ಈಗ ಅಂಗಡ್ಯಾಗ ತಕ್ಕಡಿ ಮ್ಯಾಲ ಹಚ್ಯಾನ.