ಕೇಪ್ ಬೇಡ ಮಿಸ್, ಚಕ್ರಕ್ಕೆ ಸಿಕ್ಕಾಕೊಳ್ಳುತ್ತೆ

ಅವನು ನನ್ನ ಹತ್ತಿರ ಬರಲು ಶುರುಮಾಡಿ ಮೂರು ವಾರ ಆಗಿತ್ತು. ಅಲ್ಲಿವರೆಗೂ ಅವನ ಬಾಯಿಂದ ಬಂದಿದ್ದು ಹೂಂ, ಉಹೂಂ, ಗೊತ್ತಿಲ್ಲ, ಇಷ್ಟೇ. ಅವತ್ತು ಗೆರೆ ಇಲ್ಲದ ಲಾಂಗ್ ಬುಕ್ಕಿನಲ್ಲಿ ಒಬ್ಬ ಸೂಪರ್‌ಹೀರೋ ಚಿತ್ರ ಬಿಡಿಸಿದ್ದ. ಮುಖವಾಡ ಇತ್ತು, ಬೂಟು ಇತ್ತು. ಬೆನ್ನ ಹಿಂದೆ ಹಾರಾಡುವ ಬಟ್ಟೆ ಮಾತ್ರ ಇರಲಿಲ್ಲ. "ಇವನಿಗೆ ಕೇಪ್ ಇಲ್ವಾ?" ಅಂದೆ.

"ಕೇಪ್ ಬೇಡ ಮಿಸ್. ಗಾಡಿ ಚಕ್ರಕ್ಕೆ ಸಿಕ್ಕಾಕೊಳ್ಳುತ್ತೆ."

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

ನಾನು ಓದಿದ್ದು ಕ್ಲಿನಿಕಲ್ ಸೈಕಾಲಜಿ. ಕೋಲಾರದಲ್ಲಿ ಮಕ್ಕಳ ಕೌನ್ಸೆಲಿಂಗ್ ಮಾಡುತ್ತೇನೆ. ಡೂಮ್‌ಲೈಟ್ ಸರ್ಕಲ್‌ನಿಂದ ಸ್ವಲ್ಪ ಒಳಗೆ, ಮೆಡಿಕಲ್ ಸ್ಟೋರ್ ಮೇಲೆ ಒಂದು ರೂಮು. ಕಿಟಕಿ ತೆಗೆದರೆ ಅಂತರಗಂಗೆ ಬೆಟ್ಟ ಕಾಣುತ್ತದೆ, ಜೊತೆಗೆ ಬಸ್ಸಿನ ಹಾರನ್ನೂ ಒಳಗೆ ಬರುತ್ತದೆ. ಈ ಹುಡುಗನ ಬಗ್ಗೆ ಬರೆಯಲು ಅವನ ಅಮ್ಮ ಒಪ್ಪಿದ್ದಾರೆ. ಆದರೂ ಗುರುತು ಸಿಗಬಾರದು ಅಂತ ಒಂದಷ್ಟು ವಿವರ ಬದಲಿಸಿದ್ದೇನೆ.

ಅವನಿಗೆ 11 ವರ್ಷ. ಅಪ್ಪ ಟೊಮೆಟೊ ಬೆಳೀತಿದ್ದರು. ಒಂದು ದಿನ ಎಪಿಎಂಸಿ ಮಾರ್ಕೆಟ್ಟಿಗೆ ಮಾಲು ಹಾಕಿ, ಮಧ್ಯಾಹ್ನದ ತನಕ ಮಂಡಿಯಲ್ಲಿ ಕೂತು ದುಡ್ಡು ಇಸ್ಕೊಂಡು ಹೊರಟಿದ್ದರು. ಇವನು ಫೋನ್ ಮಾಡಿ "ಬಂಗಾರಪೇಟೆ ಪಾನಿಪುರಿ ತಗೊಂಡು ಬಾ" ಅಂದ. ಅಪ್ಪ ಸುತ್ತು ಹಾಕಿಕೊಂಡು ಬಂಗಾರಪೇಟೆಗೆ ಹೋದರು. ವಾಪಸ್ ಬರುವಾಗ ಕತ್ತಲಾಗಿತ್ತು. ಲಾರಿ.

ಆಮೇಲೆ ಐದು ತಿಂಗಳು ಹುಡುಗನಿಗೆ ಹೊಟ್ಟೆನೋವು. ಸ್ಕೂಲಿಗೆ ವಾರಕ್ಕೆ ಎರಡು ದಿನ ಹೋದರೆ ಹೆಚ್ಚು. ರಾತ್ರಿ ರೋಡಲ್ಲಿ ಲಾರಿ ಹೋದರೆ ಎದ್ದು ಕೂರುತ್ತಿದ್ದ. ಸ್ಕ್ಯಾನಿಂಗ್ ಮಾಡಿಸಿದರು, ಏನೂ ಇಲ್ಲ ಅಂತ ಬಂತು. ಅಜ್ಜಿ "ಗಾಲಿ ತಗಿಲಿಂದಿ", ಅಂದರೆ ಗಾಳಿ ಸೋಕಿದೆ, ಅಂತ ತೆಲುಗಲ್ಲಿ ಗೊಣಗಿಕೊಂಡು ತಾಯಿತ ಕಟ್ಟಿಸಿದರು. ನಮ್ಮ ಕಡೆ ಅರ್ಧ ಮನೆಗಳಲ್ಲಿ ಅಜ್ಜಿ ತೆಲುಗು, ಮೊಮ್ಮಕ್ಕಳು ಕನ್ನಡ. ತಾಯಿತ ಬಿಚ್ಚಿ ಅಂತ ನಾನು ಯಾವತ್ತೂ ಹೇಳಲ್ಲ. ಅದು ಅಜ್ಜಿಯ ಪ್ರೀತಿ, ಇರಲಿ ಬಿಡಿ.

ಮನಸ್ಸಿಗೆ ಇಂಥ ಪೆಟ್ಟು ಬಿದ್ದ ಮಕ್ಕಳಲ್ಲಿ ಭಯ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದರ ಕೆಳಗೆ ಇನ್ನೊಂದು ಇರುತ್ತದೆ, ಅದನ್ನು ಮಗು ಯಾರಿಗೂ ಹೇಳುವುದಿಲ್ಲ. "ನನ್ನಿಂದಲೇ ಆಯ್ತು." ನಾವು ದೊಡ್ಡವರು ಅದಕ್ಕೆ "ಛೆ, ನಿನ್ನ ತಪ್ಪೇನೂ ಇಲ್ಲ ಕಂದ" ಅಂತ ಒಂದೇ ಮಾತಲ್ಲಿ ಬಾಗಿಲು ಹಾಕಿಬಿಡುತ್ತೇವೆ. ಮಗು ಸುಮ್ಮನಾಗುತ್ತದೆ. ಒಪ್ಪಿಕೊಂಡಿತು ಅಂದುಕೊಳ್ಳುತ್ತೇವೆ. ಒಪ್ಪಿರಲ್ಲ. ನಾವು ಕೇಳಲು ತಯಾರಿಲ್ಲ ಅಂತ ಅದಕ್ಕೆ ಗೊತ್ತಾಗಿರುತ್ತದೆ, ಅಷ್ಟೇ.

ಸೂಪರ್‌ಹೀರೋ ಕಥೆ ನನಗೆ ಉಪಯೋಗಕ್ಕೆ ಬಂದಿದ್ದು ಈ ಜಾಗದಲ್ಲಿ.

ಸ್ಪೈಡರ್‌ಮ್ಯಾನ್ ಕಥೆ ಗೊತ್ತಲ್ವಾ? 1962ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಮಾಡಿದ ಕಾಮಿಕ್ಸ್. ಜೇಡ ಕಚ್ಚಿ ಶಕ್ತಿ ಬಂದದ್ದು ಎಲ್ಲರಿಗೂ ನೆನಪಿರುತ್ತದೆ. ಮಕ್ಕಳು ಅದಕ್ಕಿಂತ ಜಾಸ್ತಿ ಹಿಡಿದುಕೊಳ್ಳುವುದು ಆಮೇಲಿನ ಭಾಗವನ್ನು. ಒಬ್ಬ ಕಳ್ಳ ಓಡಿಹೋಗುತ್ತಿರುತ್ತಾನೆ, ಪೀಟರ್ ಪಾರ್ಕರ್ ಹಿಡಿಯಬಹುದಿತ್ತು, ನನಗ್ಯಾಕೆ ಅಂತ ಬಿಟ್ಟುಬಿಡುತ್ತಾನೆ, ಅದೇ ಕಳ್ಳ ಮುಂದೆ ಅವನನ್ನು ಸಾಕಿದ ಅಂಕಲ್ ಬೆನ್‌ನನ್ನು ಕೊಲ್ಲುತ್ತಾನೆ. ಇಂಥ ಪೆಟ್ಟಿನ ನಂತರ ಕಾಡುವ ಮನಸ್ಸಿನ ತೊಂದರೆಗೆ ಪಿಟಿಎಸ್‌ಡಿ ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1980ರಲ್ಲಿ. ಅದಕ್ಕೆ 18 ವರ್ಷ ಮೊದಲೇ ಕಾಮಿಕ್ಸ್‌ನಲ್ಲಿ ಒಬ್ಬ ಹುಡುಗ "ನನ್ನಿಂದಲೇ ಆಯ್ತು" ಅಂತ ಹೊತ್ತುಕೊಂಡು ಓಡಾಡುತ್ತಿದ್ದ. ಬ್ಯಾಟ್‌ಮ್ಯಾನ್ ಇನ್ನೂ ಹಳಬ, 1939. ಕಣ್ಣೆದುರೇ ಅಪ್ಪ ಅಮ್ಮನನ್ನು ಕಳೆದುಕೊಂಡ ಮಗು.

ನಾಲ್ಕನೇ ವಾರ ಈ ಹುಡುಗನಿಗೆ ಪೀಟರ್ ಕಥೆ ಹೇಳಿದೆ. ಸಿನಿಮಾ ನೋಡಿದ್ದ, ಆದರೂ ಕೇಳಿದ. ಅಂಕಲ್ ಸತ್ತ ಜಾಗದಲ್ಲಿ ನಿಲ್ಲಿಸಿ, "ತಪ್ಪು ಯಾರದು?" ಅಂದೆ. ಪೆನ್ಸಿಲ್ಲಿನ ತುದಿ ಕಚ್ಚುತ್ತಾ ಸುಮಾರು ಹೊತ್ತು ಕೂತಿದ್ದ. ಆಮೇಲೆ ಸ್ವಲ್ಪ ಸಿಟ್ಟಲ್ಲೇ ಕೇಳಿದ:

"ಕಳ್ಳ ಹೋಗಿ ಅವರ ಅಂಕಲ್‌ನೇ ಸಾಯಿಸ್ತಾನೆ ಅಂತ ಅವನಿಗೆ ಆವಾಗ ಗೊತ್ತಿತ್ತಾ ಮಿಸ್?"

ನಾನು ವರ್ಷಗಟ್ಟಲೆ ಓದಿದ್ದನ್ನು ಅವನು ಒಂದೇ ಪ್ರಶ್ನೆಯಲ್ಲಿ ಕೇಳಿದ್ದ. ಪೆಟ್ಟು ತಿಂದ ಮನಸ್ಸು ಆಮೇಲೆ ಗೊತ್ತಾದದ್ದನ್ನು ತಗೊಂಡು ಹೋಗಿ ಮೊದಲೇ ಗೊತ್ತಿತ್ತು ಅನ್ನುವ ಹಾಗೆ ಲೆಕ್ಕ ಹಾಕುತ್ತದೆ. ಹಾಗೆಂದು ಪಾಠ ಮಾಡಿದರೆ 11 ವರ್ಷದವನಿಗೆ ಹತ್ತುವುದಿಲ್ಲ. ಪೀಟರ್ ಪರ ವಕಾಲತ್ತು ಮಾಡು ಅಂದರೆ ತಾನೇ ಮಾಡುತ್ತಾನೆ. ನಾನು ಅವತ್ತು "ನಿನ್ನ ವಿಷಯದಲ್ಲೂ ಹಾಗೇ ಅಲ್ವಾ?" ಅಂತ ಕೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವನ ಪ್ರಶ್ನೆಯನ್ನು ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಸಿ ಕಳಿಸಿದೆ.

ಈ ದಾರಿ ನಾನು ಕಂಡುಹಿಡಿದದ್ದಲ್ಲ. ಜನೀನಾ ಸ್ಕಾರ್ಲೆಟ್ ಅಂತ ಅಮೆರಿಕದ ಸೈಕಾಲಜಿಸ್ಟ್ ಇದ್ದಾರೆ, ಹುಟ್ಟಿದ್ದು ಉಕ್ರೇನ್‌ನಲ್ಲಿ. ಚಿಕ್ಕವರಿದ್ದಾಗ ಚೆರ್ನೋಬಿಲ್ ವಿಕಿರಣ ತಾಗಿತ್ತು. ಮುಂದೆ ಎಕ್ಸ್-ಮೆನ್ ಸಿನಿಮಾದಲ್ಲಿ ಎಲ್ಲರಿಗಿಂತ ಬೇರೆ ಥರ ಇರುವ ಸೂಪರ್‌ಹೀರೋಗಳನ್ನು ನೋಡಿದಾಗ ಇವರೂ ನನ್ನಂಥವರೇ ಅನ್ನಿಸಿತು, ಆಮೇಲೆ ಸೂಪರ್‌ಹೀರೋ ಥೆರಪಿ ಅಂತಲೇ ಕೆಲಸ ಮಾಡಿದರು. ನನ್ನ ಚಿಕಿತ್ಸೆಯ ಚೌಕಟ್ಟು ಮಾತ್ರ ಟ್ರಾಮಾ ಫೋಕಸ್ಡ್ ಸಿಬಿಟಿ, ಅಂದರೆ ಪೆಟ್ಟು ತಿಂದ ಮಕ್ಕಳ ಯೋಚನೆ, ನಡವಳಿಕೆಯ ಮೇಲೆ ಹಂತ ಹಂತವಾಗಿ ಕೆಲಸ ಮಾಡುವ ಮಾತಿನ ಚಿಕಿತ್ಸೆ, ಸಾಮಾನ್ಯವಾಗಿ 12ರಿಂದ 16 ಸೆಷನ್. ಹೀರೋ ಕಥೆ ಅದರೊಳಗೆ ಹೋಗಲು ಒಂದು ಬಾಗಿಲು. ಬರೀ ಬಾಗಿಲನ್ನೇ ಮನೆ ಅಂದುಕೊಂಡರೆ ಕಷ್ಟ.

ನಾನು ಕಲಿತದ್ದೂ ಎಡವಿ ಎಡವಿಯೇ. ಶುರುವಿನಲ್ಲಿ, ಇಂಗ್ಲಿಷ್ ಹೀರೋ ಯಾಕೆ, ನಮ್ಮ ಆಂಜನೇಯ ಇಲ್ವಾ ಅಂತ ಹೊರಟಿದ್ದೆ. ತನ್ನ ಶಕ್ತಿಯನ್ನೇ ಮರೆತವನು, ಜಾಂಬವಂತ ನೆನಪಿಸಿದ ಮೇಲೆ ಸಮುದ್ರ ಹಾರಿದವನು. ಇದಕ್ಕಿಂತ ಕಥೆ ಬೇಕಾ? ಆದರೆ ಮುಳಬಾಗಿಲು ಕಡೆಯ ಒಂದು ಮಗು, ನಾನು "ಆಂಜನೇಯನಿಗೆ ಭಯ ಆಗಿತ್ತಾ?" ಅಂದ ತಕ್ಷಣ ಕೆನ್ನೆ ಕೆನ್ನೆ ಬಡಿದುಕೊಂಡು "ಅವರು ದೇವರು ಮಿಸ್" ಅಂತು. ಮಾತು ಮುಗೀತು. ದೇವರ ಹತ್ತಿರ ಕೇಳಿಕೊಳ್ಳಬಹುದು, ದೇವರ ತಪ್ಪು ಹುಡುಕುವ ಹಾಗಿಲ್ಲ. ನನಗೆ ಬೇಕಿದ್ದದ್ದು ಮಗು ಎದುರು ಕೂರಿಸಿಕೊಂಡು ಬೈಯಬಹುದಾದ, ವಾದ ಮಾಡಬಹುದಾದ ಹೀರೋ.

ಇನ್ನೊಂದು ಎಡವಟ್ಟು ನೆನಪಾದರೆ ಈಗಲೂ ನಾಚಿಕೆ. ಅಮ್ಮ ತೀರಿಕೊಂಡ ಮೇಲೆ ಮನೆಯ ಅಡುಗೆ, ತಮ್ಮನ ಓದು, ಕುಡಿದು ಬರುವ ಅಪ್ಪ, ಎಲ್ಲ ನೋಡಿಕೊಳ್ಳುತ್ತಿದ್ದ 15ರ ಹುಡುಗಿ. ನಾನು ಉತ್ಸಾಹದಿಂದ "ನೀನೇ ಆ ಮನೆಯ ಸೂಪರ್‌ಹೀರೋ" ಅಂದೆ. ಅವಳು ನನ್ನನ್ನೇ ನೋಡಿ, "ನನಗೆ ಸಾಕಾಗಿದೆ ಅಕ್ಕ. ಯಾರಾದರೂ ಬಂದು ನನ್ನ ಕಾಪಾಡಬಾರದಾ?" ಅಂದಳು. ಹೊಗಳಿಕೆ ಅಂತ ಅವಳ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟಿದ್ದೆ. ಅವಳ ಜೊತೆ ಆಮೇಲೆ ಮಿನ್ನಲ್ ಮುರಳಿ ಇಟ್ಟುಕೊಂಡು ಮಾತಾಡಿದೆ. 2021ರ ಮಲಯಾಳಂ ಸಿನಿಮಾ, ಕನ್ನಡದಲ್ಲೂ ಡಬ್ ಆಗಿದೆ. ಒಂದೇ ರಾತ್ರಿ ಇಬ್ಬರಿಗೂ ಸಿಡಿಲು ಬಡಿಯುತ್ತದೆ, ಒಬ್ಬ ಹೀರೋ ಆಗುತ್ತಾನೆ, ಊರೆಲ್ಲ ದೂರ ಇಟ್ಟ ಇನ್ನೊಬ್ಬ ವಿಲನ್. ಅವಳಿಗೆ ಇಷ್ಟವಾದದ್ದು ವಿಲನ್. "ಅವನ ಜೊತೆ ಯಾರೂ ಇರಲಿಲ್ಲ" ಅಂದಳು. ಅಲ್ಲಿಂದ, ನಿನ್ನ ಜೊತೆ ಯಾರಿದ್ದಾರೆ ಅನ್ನುವ ಪಟ್ಟಿ ಶುರುವಾಯಿತು. ಮೊದಲ ದಿನ ಒಂದೇ ಹೆಸರು, ಪಕ್ಕದ ಮನೆ ಆಂಟಿದು.

ಹುಡುಗನ ವಿಷಯಕ್ಕೆ ಬರುತ್ತೇನೆ. ಕಥೆಗೆ ಕೈಹಾಕುವ ಮೊದಲು ಮೈ ತಣ್ಣಗಾಗಬೇಕು. ಉಸಿರಾಟ, ಕಾಲನ್ನು ನೆಲಕ್ಕೆ ಒತ್ತಿ ಕೂರುವುದು, ಇಂಥವು. ಐರನ್ ಮ್ಯಾನ್‌ಗೇ 2013ರ ಸಿನಿಮಾದಲ್ಲಿ ಎದೆ ಡವಡವ ಅಂದು ಉಸಿರು ಕಟ್ಟುತ್ತದೆ, ಅಷ್ಟು ದೊಡ್ಡ ಕಬ್ಬಿಣದ ಸೂಟ್ ಒಳಗಿದ್ದರೂ. ಅದನ್ನು ಹೇಳಿದರೆ ಗಂಡು ಹುಡುಗರು ನಾಚಿಕೆ ಬಿಟ್ಟು ಉಸಿರಾಟ ಕಲೀತಾರೆ. ಸಂಕಟ ಎಷ್ಟಿದೆ ಅಂತ ಅಳೆಯಲು ನಾವು ಸೊನ್ನೆಯಿಂದ ಹತ್ತರ ಲೆಕ್ಕ ಇಡುತ್ತೇವೆ. ಅವನು ಅದನ್ನು ಖಾರದ ಲೆಕ್ಕ ಮಾಡಿಕೊಂಡ. "ಇವತ್ತು ಏಳು ಖಾರ ಮಿಸ್." ಬಂಗಾರಪೇಟೆ ಪಾನಿ ತಿಂದವರಿಗೆ ಗೊತ್ತು, ನೋಡೋಕೆ ಬರೀ ನೀರು, ಬಾಯಿಗೆ ಹಾಕಿದರೆ ಕಣ್ಣಲ್ಲಿ ನೀರು. ಆ ಹುಡುಗನೂ ಹಾಗೇ ಇದ್ದ. ಎಂಟು ಖಾರ ದಾಟಿದರೆ ಅವತ್ತಿಗೆ ಬುಕ್ ಮುಚ್ಚುವುದು, ಇದು ನಮ್ಮಿಬ್ಬರ ಒಪ್ಪಂದ.

ಅವನ ಹೀರೋ ಹೆಸರು ಕ್ರೇಟ್ ಮ್ಯಾನ್. ಟೊಮೆಟೊ ಕ್ರೇಟ್ ಹಿಡಿದು ಕೈ ಎತ್ತಿದರೆ ಹೈವೇಯಲ್ಲಿ ಎಲ್ಲ ಲಾರಿಗಳೂ ಐದು ನಿಮಿಷ ನಿಲ್ಲುತ್ತವೆ. ಪುಟಕ್ಕೆ ನಾಲ್ಕು ಚೌಕ, ಚೌಕಕ್ಕೆ ಒಂದು ಸಾಲು. ಮೊದಲು ಬೇರೆಯವರ ಅಪ್ಪಂದಿರನ್ನೆಲ್ಲ ಉಳಿಸಿದ. ಎಂಟನೇ ಸೆಷನ್ ಹೊತ್ತಿಗೆ ಕ್ರೇಟ್ ಮ್ಯಾನ್ ಚಿಕ್ಕವನಿದ್ದಾಗಿನ ಕಥೆ ಬಂತು. ಓದಿ ಹೇಳುತ್ತಿದ್ದ: "ಕ್ರೇಟ್ ಮ್ಯಾನ್ ಸ್ಕೂಲಿಂದ ಬಂದ. ಬ್ಯಾಗ್ ಇಟ್ಟ. ಅಪ್ಪನಿಗೆ ಫೋನ್ ಮಾಡಿದೆ. ಪಾನಿಪುರಿ ತಗೊಂಡು ಬಾ ಅಂದೆ."

ಬಂದ, ಇಟ್ಟ, ಮಾಡಿದೆ, ಅಂದೆ.

ಅವನಿಗೆ ಗೊತ್ತೇ ಆಗಲಿಲ್ಲ. ನಾನು ತಿದ್ದಲಿಲ್ಲ, ಮುಖದಲ್ಲೂ ಏನೂ ತೋರಿಸಲಿಲ್ಲ, ಪೆನ್ನು ಹಿಡಿದ ಕೈ ಮಾತ್ರ ಬಿಗಿಯಾಗಿತ್ತು. ಓದಿ ಮುಗಿಸಿ "ಒಂಬತ್ತು ಖಾರ" ಅಂದ. ಬುಕ್ ಮುಚ್ಚಿದೆವು. ಕಾಲು ನೆಲಕ್ಕೆ ಒತ್ತಿ ಕೂತೆವು. ಮುಂದಿನ ವಾರ ಅದೇ ಪುಟ ತೆಗೆದಾಗ ಏಳು, ಅದರ ಮುಂದಿನ ವಾರ ಐದು. ಆಮೇಲೆ ಅವನೇ ಮೊದಲ ಪುಟಕ್ಕೆ ತಿರುಗಿಸಿ, ತಾನೇ ಬರೆದಿದ್ದ ಪ್ರಶ್ನೆಯನ್ನು ಓದಿಕೊಂಡ.

ಇದನ್ನು ಓದಿ ಯಾರಾದರೂ ಟೀಚರ್ ಮಾಡಿ ನೋಡೋಣ ಅಂದುಕೊಂಡರೆ, ಹೀರೋ ಚಿತ್ರ ಬಿಡಿಸುವ ತನಕ ಮಾಡಿ, ಪೆಟ್ಟಿನ ಕಥೆ ಕೆದಕಬೇಡಿ. ಅದಕ್ಕೆ ತರಬೇತಿ ಬೇಕು. "ನನಗೆ ಹಾರುವ ಶಕ್ತಿ ಬೇಕು" ಅಂತ ಮಗು ಅಂದರೆ, ಎಲ್ಲಿಂದ, ಎಲ್ಲಿಗೆ ಅಂತ ಕೇಳಲೇಬೇಕು. ಒಮ್ಮೆ ಒಬ್ಬಳು "ಟೆರೇಸಿಂದ, ಅಮ್ಮನ ಹತ್ತಿರ" ಅಂದಿದ್ದಳು. ಅವಳ ಅಮ್ಮ ಬದುಕಿರಲಿಲ್ಲ. ಅಂಥ ಕಡೆ ಕಥೆ ಪಕ್ಕಕ್ಕಿಟ್ಟು, ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಬೇಕು, ಮನೆಯವರನ್ನು ಅವತ್ತೇ ಕರೆಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಚಿತ್ರದ ವಿಲನ್ ಮನೆಯಲ್ಲೇ ಇದ್ದಾನೆ, ಮಗುವಿನ ಮೈ ಮುಟ್ಟುತ್ತಿದ್ದಾನೆ ಅಂತ ತಿಳಿದರೆ ಆ ಕ್ಷಣಕ್ಕೆ ಕ್ರೇಯಾನ್ ಕೆಳಗಿಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸದೆ ಇರುವಂತಿಲ್ಲ, ಮಕ್ಕಳ ಸಹಾಯವಾಣಿ 1098.

ಹನ್ನೆರಡನೇ ಸೆಷನ್‌ಗೆ ಅಮ್ಮನನ್ನೂ ಕೂರಿಸಿಕೊಂಡೆ. ಅದಕ್ಕೆ ಮೊದಲು ಅವರೊಬ್ಬರ ಜೊತೆ ಎರಡು ಸಲ ಮಾತಾಡಿದ್ದೆ, ಆ ಕಥೆ ಕೇಳಲು ಅವರೂ ತಯಾರಾಗಬೇಕಲ್ಲ. ಹುಡುಗ ಬುಕ್ಕನ್ನು ಮೊದಲಿಂದ ಕೊನೇವರೆಗೂ ಓದಿದ. ಫೋನಿನ ಚೌಕಕ್ಕೆ ಬಂದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡರು.

"ಆವತ್ತು ಫೋನ್ ಹಚ್ಚಿ ಕೈಗೆ ಕೊಟ್ಟಿದ್ದು ನಾನು ಕಣೋ. ಬೇಡ, ಸೀದಾ ಮನೆಗೆ ಬನ್ನಿ ಅಂತ ನಾನಾದರೂ ಅನ್ನಬಹುದಿತ್ತು."

ಇದು ನನಗೂ ಹೊಸದು. ಎರಡು ಸಲ ಮಾತಾಡಿದಾಗಲೂ ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಇಷ್ಟು ತಿಂಗಳು ಅದೇ ಫೋನನ್ನು ಒಬ್ಬರಿಗೊಬ್ಬರು ಕಾಣದ ಹಾಗೆ ಹೊತ್ತುಕೊಂಡಿದ್ದರು. ನಾನು ಏನು ಹೇಳಲಿ ಅಂತ ಯೋಚಿಸುತ್ತಿರುವಾಗಲೇ ಹುಡುಗ ಕೇಳಿದ, ಪೀಟರ್ ವಿಷಯದಲ್ಲಿ ಕೇಳಿದ್ದ ಅದೇ ಸಿಟ್ಟಿನ ದನಿಯಲ್ಲಿ:

"ಆವಾಗ ನಿನಗೆ ಗೊತ್ತಿತ್ತೇನಮ್ಮ?"

ಆಮೇಲೂ ನಾಲ್ಕು ಸೆಷನ್ ಬಂದ. ಲಾರಿ ಶಬ್ದಕ್ಕೆ ಈಗಲೂ ಕೆಲವು ರಾತ್ರಿ ಎಚ್ಚರ ಆಗುತ್ತದಂತೆ, ಮತ್ತೆ ಮಲಗುತ್ತಾನೆ. ಸ್ಕೂಲಿಗೆ ಹೋಗುತ್ತಾನೆ, ಗಣಿತದ ದಿನ ಮಾತ್ರ ಹೊಟ್ಟೆನೋವು, ಅದು ನನ್ನ ವಿಭಾಗ ಅಲ್ಲ. ಕೊನೆಯ ದಿನದ ಚಿತ್ರದಲ್ಲಿ ಕ್ರೇಟ್ ಮ್ಯಾನ್ ಗಾಡಿ ಸ್ಟ್ಯಾಂಡ್ ಹಾಕಿ, ಮುಖವಾಡ ಹಣೆ ಮೇಲೆ ಏರಿಸಿಕೊಂಡು, ಪ್ಲೇಟ್ ಹಿಡಿದು ನಿಂತಿದ್ದ. ಭಾನುವಾರ ಅಮ್ಮನ ಜೊತೆ ಬಂಗಾರಪೇಟೆಗೆ ಹೋಗಿದ್ದರಂತೆ.

"ಖಾರ ಎಷ್ಟಿತ್ತು?" ಅಂದೆ.

"ನನಗೆ ನಾಲ್ಕು ಮಿಸ್. ಅಮ್ಮನಿಗೆ ಆರು."