ಫ್ಲಾಶ್ ಡ್ರೈಯರ್‌ನಲ್ಲೇ ಇಂಕ್ ಪೂರ್ತಿ ಕ್ಯೂರ್ ಮಾಡೋದು ಹೇಗೆ?

ಟೀ ಶರ್ಟ್ ಮೇಲೆ ಸ್ಕ್ರೀನ್ ಪ್ರಿಂಟ್ ಹೊಡೆದು ಫ್ಲಾಶ್ ಡ್ರೈಯರ್ (ಪ್ರಿಂಟ್ ಮೇಲೆ ಹಿಡಿಯೋ ಹೀಟರ್) ಕೆಳಗೆ ಇಟ್ಟು, ಮುಟ್ಟಿ ನೋಡಿದಾಗ ಬೆರಳಿಗೆ ಅಂಟ್ಲಿಲ್ಲ ಅಂದ್ರೆ ಆಯ್ತು ಅಂತ ಮಡಚಿಟ್ಟುಬಿಡೋರು ತುಂಬಾ ಜನ. ಆಮೇಲೆ ಒಂದೆರಡು ಸಲ ಒಗೆದ ಕೂಡ್ಲೇ ಡಿಸೈನ್ ಬಿರುಕು ಬಿಟ್ಟು ಉದುರೋಕೆ ಶುರುವಾಗತ್ತೆ. ಮುಟ್ಟಿದ್ರೆ ಅಂಟಲ್ಲ ಅನ್ನೋದು ಬೇರೆ, ಕ್ಯೂರ್ ಆಗಿದೆ, ಅಂದ್ರೆ ಇಂಕ್ ತಳದವರೆಗೂ ಪೂರ್ತಿ ಗಟ್ಟಿಯಾಗಿದೆ ಅನ್ನೋದು ಬೇರೆ. ಒಂದೇ ಹೀಟರ್‌ನಲ್ಲಿ ಎರಡೂ ಮಾಡಬಹುದು, ಆದ್ರೆ ಮಾಡೋ ರೀತಿ ಒಂದೇ ಅಲ್ಲ.

ಪ್ಲಾಸ್ಟಿಸಾಲ್ ಅನ್ನೋ ಪ್ಲಾಸ್ಟಿಕ್ ಇಂಕ್‌ನಲ್ಲಿ ಆರಿಹೋಗೋಕೆ ನೀರೇ ಇಲ್ಲ. ಪಿವಿಸಿ ಕಣಗಳು ಪ್ಲಾಸ್ಟಿಸೈಜರ್ ಅನ್ನೋ ದ್ರವದಲ್ಲಿ ಕಲೆತಿರ್ತವೆ. ಬಿಸಿ ತಾಗಿದಾಗ ಕಣಗಳು ಆ ದ್ರವ ಹೀರ್ಕೊಂಡು ಊದಿಕೊಳ್ತವೆ, ಇನ್ನೂ ಬಿಸಿಯಾದ್ರೆ ಒಂದಕ್ಕೊಂದು ಬೆಸೆದು ಒಂದೇ ಪದರ ಆಗ್ತವೆ. ಮೊದಲನೇದು ಜೆಲ್, ಸುಮಾರು 80ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗೆ ಆಗಿಬಿಡತ್ತೆ, ಎರಡನೇದೇ ಕ್ಯೂರ್, ಅದಕ್ಕೆ ಮಾಮೂಲಿ ಇಂಕ್‌ಗೆ 160 ಡಿಗ್ರಿ ಹತ್ತಿರ ಬೇಕು. ಲೋ ಕ್ಯೂರ್ ಇಂಕ್ ಆದ್ರೆ 130-140 ಸಾಕಾಗತ್ತೆ. ನೀವು ತಗೊಂಡಿರೋ ಇಂಕ್‌ಗೆ ಎಷ್ಟು ಅಂತ ಕಂಪನಿಯ ಡೇಟಾ ಶೀಟ್‌ನಲ್ಲಿ ಇರತ್ತೆ, ಓದದೆ ಶುರು ಮಾಡ್ಬೇಡಿ.

ಮೊದಲು ಹೀಟರ್ ಆನ್ ಮಾಡಿ 10-15 ನಿಮಿಷ ಹಾಗೇ ಬಿಡಿ. ಈ ಹೀಟರ್ ತುಂಬಾ ಕರೆಂಟ್ ಎಳೆಯತ್ತೆ, ಅದಕ್ಕೇ ಅಂತ ಒಂದು ಸಾಕೆಟ್ ಇರ್ಲಿ, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಬೇಡಿ. ಆಮೇಲೆ ಎತ್ತರ ನೋಡ್ಕೊಳ್ಳಿ, ಬಟ್ಟೆಗಿಂತ ಎರಡು-ಮೂರು ಇಂಚು ಮೇಲೆ, ಎಲ್ಲಾ ಕಡೆ ಸಮನಾಗಿ ಇರ್ಬೇಕು. ಒಂದು ಕಡೆ ವಾಲಿದ್ರೆ ಅಲ್ಲಿ ಬಟ್ಟೆ ಸುಡತ್ತೆ, ಇನ್ನೊಂದು ಕಡೆ ಇಂಕ್ ಹಸಿ ಉಳಿಯತ್ತೆ.

ಒಂದು ಬಣ್ಣ ಹೊಡೆದು ಇನ್ನೊಂದು ಹೊಡೆಯೋ ಮಧ್ಯೆ ಫ್ಲಾಶ್ ಮಾಡುವಾಗ, ಅಂದ್ರೆ ಬರೀ ಜೆಲ್ ಆಗೋಷ್ಟು ಬಿಸಿ ಮಾಡುವಾಗ, ಸಾಮಾನ್ಯವಾಗಿ 5-10 ಸೆಕೆಂಡ್ ಸಾಕು, ಮೇಲ್ಮೈ ಅಂಟೋದು ನಿಂತ ತಕ್ಷಣ ಹೀಟರ್ ಸರಿಸಿಬಿಡಿ. ಇಲ್ಲಿ ಜಾಸ್ತಿ ಕಾಯಿಸಿದ್ರೆ ಕೆಳಗಿನ ಪದರ ಕ್ಯೂರ್ ಆಗೋಗಿ ಮೇಲಿನ ಬಣ್ಣ ಅದಕ್ಕೆ ಸರಿಯಾಗಿ ಹಿಡಿಯಲ್ಲ. ಕೆಲಸ ಮಾಡ್ತಾ ಮಾಡ್ತಾ ಪ್ಯಾಲೆಟ್ (ಪ್ರಿಂಟ್ ಹೊಡೆಯೋವಾಗ ಶರ್ಟ್ ಹಾಕೋ ಹಲಗೆ) ಕೂಡ ಬಿಸಿಯಾಗತ್ತಲ್ಲ, ಅದಕ್ಕೇ ಮೊದಲ ಶರ್ಟ್‌ಗೆ ಇಟ್ಟಷ್ಟು ಹೊತ್ತು ಆಮೇಲಿನ ಶರ್ಟ್‌ಗಳಿಗೆ ಬೇಕಾಗಲ್ಲ, ತೀರಾ ಬಿಸಿಯಾದ್ರೆ ಇಂಕ್ ಸ್ಕ್ರೀನ್‌ನ ಜಾಲರಿಯಲ್ಲೇ (ಮೆಶ್) ಗಟ್ಟಿಯಾಗತ್ತೆ, ಆಗ ಸ್ವಲ್ಪ ಹೊತ್ತು ನಿಲ್ಲಿಸಿ ತಣ್ಣಗಾಗೋಕೆ ಬಿಡ್ಬೇಕು.

ಕೊನೇ ಕ್ಯೂರ್‌ಗೆ ಶರ್ಟ್ ಪ್ಯಾಲೆಟ್ ಮೇಲೆ ಬೇಡ, ಬಿಸಿ ತಡೆಯೋ ಬೇರೆ ಹಲಗೆ ಮೇಲೆ ಹಾಕಿ. ಎಷ್ಟು ಸೆಕೆಂಡ್ ಅಂತ ಎಲ್ಲರೂ ಕೇಳ್ತಾರೆ, 30-45 ಸೆಕೆಂಡ್‌ನಿಂದ ಶುರು ಮಾಡಿ ನೋಡಿ ಅನ್ನಬಹುದು ಅಷ್ಟೇ, ಹೀಟರ್, ಬಟ್ಟೆ, ಇಂಕ್‌ನ ದಪ್ಪ, ಬಣ್ಣ ಎಲ್ಲದರ ಮೇಲೂ ಅದು ಬದಲಾಗತ್ತೆ. ಕಪ್ಪು ಇಂಕ್ ಬೇಗ ಬಿಸಿ ಹೀರತ್ತೆ, ದಪ್ಪಗೆ ಹೊಡೆದ ಬಿಳಿ ನಿಧಾನ. ಅದಕ್ಕೇ ಮುಟ್ಟದೆ ಬಿಸಿ ಅಳೆಯೋ ಟೆಂಪರೇಚರ್ ಗನ್ ಒಂದು ಇರಲೇಬೇಕು, ಬೇರೆ ಏನನ್ನಾದ್ರೂ ಮುಂದಕ್ಕೆ ಹಾಕಿ, ಇದನ್ನಲ್ಲ. ಹೀಟರ್ ಸರಿಸಿದ ತಕ್ಷಣ ಹತ್ತಿರದಿಂದ ಇಂಕ್ ಮೇಲೆ ಹಿಡಿದು ನೋಡಿ, ತಡ ಮಾಡಿದ್ರೆ ರೀಡಿಂಗ್ ಇಳಿದುಹೋಗತ್ತೆ. ಮಧ್ಯೆ ಒಂದೇ ಕಡೆ ನೋಡಿ ನಂಬಬೇಡಿ, ಹೀಟರ್‌ನ ಅಂಚಿನಲ್ಲಿ ಬಿಸಿ ಕಮ್ಮಿ, ಮೂಲೆಗಳನ್ನೂ ನೋಡಿ, ಡಿಸೈನ್ ದೊಡ್ಡದಿದ್ರೆ ಶರ್ಟ್ ಸರಿಸಿ ಎರಡು ಸಲ ಮಾಡಿ. ಗನ್ ತೋರ್ಸೋದು ಮೇಲ್ಮೈ ಬಿಸಿ ಮಾತ್ರ ಅನ್ನೋದೂ ನೆನಪಿರ್ಲಿ, ತಳದವರೆಗೂ ಬಿಸಿ ಇಳಿಯೋಕೆ ಬೇಕಾದ ತಾಪಮಾನ ಬಂದ್ಮೇಲೂ ಕೆಲವು ಸೆಕೆಂಡ್ ಬಿಡ್ಬೇಕು.

ಪಾಲಿಯೆಸ್ಟರ್ ಆದ್ರೆ ಹುಷಾರು. ಜಾಸ್ತಿ ಬಿಸಿಗೆ ಬಟ್ಟೆಯ ಬಣ್ಣವೇ ಇಂಕ್‌ಗೆ ಏರತ್ತೆ, ಕೆಂಪು ಶರ್ಟ್ ಮೇಲಿನ ಬಿಳಿ ಅಕ್ಷರ ಗುಲಾಬಿಯಾಗತ್ತೆ, ಕೆಲವು ಸಲ ಇದು ಮಾರನೇ ದಿನ ಕಾಣಿಸೋದು. ಅದಕ್ಕೆ ಲೋ ಕ್ಯೂರ್ ಇಂಕೇ ಒಳ್ಳೇದು.

ವಾಟರ್ ಬೇಸ್ಡ್ ಇಂಕ್ ಕಥೆ ಬೇರೆ. ಅದ್ರಲ್ಲಿರೋ ನೀರು ಪೂರ್ತಿ ಹೋಗೋವರೆಗೂ ತಾಪಮಾನ ಮೇಲಕ್ಕೆ ಏರೋದೇ ಇಲ್ಲ, ಆಮೇಲೇ ಕ್ಯೂರ್ ಸಮಯದ ಲೆಕ್ಕ ಶುರು. ಹೀಟರ್ ಸ್ವಲ್ಪ ಎತ್ತರಿಸಿ ನಿಧಾನವಾಗಿ, ನಿಮಿಷಗಟ್ಟಲೆ ಕಾಯಿಸಿ, ಆವಿ ಹೊರಗೆ ಹೋಗೋಕೆ ಗಾಳಿ ಆಡ್ಬೇಕು.

ಎಲ್ಲಾ ಆದ್ಮೇಲೆ ಟೆಸ್ಟ್. ಪ್ಲಾಸ್ಟಿಸಾಲ್ ಪ್ರಿಂಟ್ ತಣ್ಣಗಾದ ಮೇಲೆ ಎರಡೂ ಕೈಲಿ ಎಳೀರಿ, ಇಂಕ್ ಬಟ್ಟೆ ಜೊತೆ ಹಿಗ್ಗಿ ವಾಪಸ್ ಬಂದ್ರೆ ಸರಿ, ಬಿರುಕು ಬಿಟ್ರೆ ಹಸಿ ಇದೆ ಅಂತ. ಆಮೇಲೆ ಒಂದು ಶರ್ಟ್‌ನ ಬಿಸಿ ನೀರಲ್ಲಿ ನಾಲ್ಕೈದು ಸಲ ಒಗೆದು ನೋಡಿ, ಅದು ಪಾಸಾದ್ಮೇಲೇ ಆರ್ಡರ್ ಕೊಡಿ. ಎಳೆದಾಗ ಬಿರುಕು ಬಿಟ್ಟ ಪೀಸ್ ಪಕ್ಕಕ್ಕಿಟ್ಟು, ಅದೇ ಬ್ಯಾಚ್‌ನ ಉಳಿದ ಶರ್ಟ್‌ಗಳನ್ನ ಮತ್ತೆ ಹೀಟರ್ ಕೆಳಗಿಟ್ಟು ಕ್ಯೂರ್ ಪೂರ್ತಿ ಮಾಡಬಹುದು, ಬಟ್ಟೆ ಸುಟ್ಟು ಹಳದಿಯಾದ್ರೆ ಮಾತ್ರ ಏನೂ ಮಾಡೋಕಾಗಲ್ಲ.