ಕಲೆ ತೆಗೆಯಲು ಕುದಿಯುವ ನೀರು ಬೇಡ

ಡೊಂಬಿವಲಿಯ ಅಕ್ಕತಂಗಿಯರೇ, ರಕ್ತದ ಕಲೆಗೆ ದಯವಿಟ್ಟು ಕುದಿಯುವ ನೀರು ಸುರಿಯಬೇಡಿ. ಕಲೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ಸೋಪಿನ ಪುಡಿಯಲ್ಲಿರುವ, ಕಲೆಯನ್ನು ಒಡೆಯುವ ಕಿಣ್ವಗಳೂ (ಎಂಜೈಮ್) ಕೆಡುತ್ತವೆ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಎಂಜೈಮ್ ಇರುವ ಪುಡಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ರಕ್ತ, ಹಾಲು, ಮೊಟ್ಟೆಯ ಕಲೆಯಲ್ಲಿರುವ ಪ್ರೋಟೀನನ್ನು ಪ್ರೋಟಿಯೇಸ್ ಎಂಬ ಕಿಣ್ವ ಒಡೆಯುತ್ತದೆ. ಗಂಜಿಯನ್ನು ಅಮೈಲೇಸ್, ಎಣ್ಣೆಜಿಡ್ಡನ್ನು ಲೈಪೇಸ್.

ಇಳಕಲ್ ಸೀರೆಯನ್ನು ಮಾತ್ರ ಈ ನೀರಿಗೆ ಹಾಕಲೇಬೇಡಿ. ಅದರ ಸೆರಗಿನ ರೇಷ್ಮೆಯೂ ಪ್ರೋಟೀನೇ, ಪ್ರೋಟಿಯೇಸ್ ಎಳೆಯನ್ನೇ ತಿನ್ನುತ್ತದೆ. ಅಮ್ಮನ ಸೀರೆಯ ಕೆಂಪು ಸೆರಗು ಹೀಗೇ ಹೊಳಪು ಕಳೆದುಕೊಂಡಿತು, ಇಂದಿಗೂ ಸಂಕಟವಾಗುತ್ತದೆ.

ಅರಿಶಿನದ ಕಲೆಗೆ ಕಿಣ್ವ ನಾಟುವುದಿಲ್ಲ, ಬಿಸಿಲೇ ಮದ್ದು. ಮಳೆ ಬಿಡುವು ಕೊಟ್ಟ ದಿನ ಒಗೆದ ಅಂಗಿಯನ್ನು ಕಿಟಕಿಯ ಗ್ರಿಲ್‌ಗೆ ಹರಡಿ.